ಮಳೆಗಾಲದ ಕಡಲು ಮತ್ತು ದಿಢೀರ್ ಬಿಡುವು

ಮೊದಲೇ ಯೋಜನೆ ಹಾಕಿಕೊಂಡು ದಿಢೀರನೆ ಹೊರಡಲು ಸಾಧ್ಯವೇ? ಪ್ರಶ್ನೆ ಮೇಲ್ನೋಟಕ್ಕೆ ಹಾಸ್ಯದಂತೆ ಕಾಣುತ್ತದೆ. ದಿಢೀರ್ ಎಂದ ಮೇಲೆ ಅಲ್ಲಿ ಯೋಜನೆಗೆ ಎಡೆಯಿಲ್ಲ. ಯೋಜನೆ ಇದ್ದ ಮೇಲೆ ಅದು ದಿಢೀರ್ ಆಗಲಾರದು. ಆದರೂ ಪ್ರತಿವರ್ಷ ಜೂನ್ ಕಳೆದು ಜುಲೈ ಕಾಲಿಟ್ಟೊಡನೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ನಮ್ಮ ಮನೆಗಳಲ್ಲಿ ಈ ಅಸಾಧ್ಯ ಕಾರ್ಯಕ್ಕೆ ಕೈಹಾಕುವವರು ಇದ್ದೇ ಇರುತ್ತಾರೆ. ಹೊರಗೆ ಜಿಟಿಜಿಟಿ ಮಳೆ. ಒಗೆದ ಸಮವಸ್ತ್ರ ಎರಡು ದಿನವಾದರೂ ಒಣಗದ ಹವೆ. ಬೇಸಿಗೆ ರಜೆ ಮುಗಿದಿದೆ, ದಸರೆ ಇನ್ನೂ ದೂರ. ಆಗ ಯಾರೋ ಒಬ್ಬರು, 'ಈ ಶನಿವಾರ ಸುಮ್ಮನೆ ಕಡಲ ಕಡೆ ಹೋಗಿಬಂದರೆ ಹೇಗೆ?' ಎನ್ನುತ್ತಾರೆ. ಪ್ರವಾಸದ ಕಾಲವಲ್ಲ, ಆದ್ದರಿಂದ ಜನಸಂದಣಿ ಇಲ್ಲ, ಕೊಠಡಿಯ ಬಾಡಿಗೆ ಕಡಿಮೆ, ಎರಡೇ ದಿನದ ಮಾತು. ಕೇಳಲು ಎಷ್ಟು ಹಗುರ! ಈ ಹಗುರವಾದ ಮಾತಿನೊಳಗೆ ನಮ್ಮ ಬಿಡುವಿನ ಬಗ್ಗೆ, ಮನೆಯೊಳಗಿನ ನ್ಯಾಯದ ಬಗ್ಗೆ, ನಾಳೆಯ ದಿನ ಯಾರದು ಎಂಬುದರ ಬಗ್ಗೆ ಕೇಳಬೇಕಾದ ಕೆಲವು ಪ್ರಶ್ನೆಗಳು ಅಡಗಿವೆ ಎಂದು ನನಗೆ ತೋರುತ್ತದೆ.

ಹೊರಡುವ ಅನುಕೂಲಗಳೇನೋ ಹಿಂದೆಂದಿಗಿಂತ ಹೆಚ್ಚಿವೆ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಕೆಂಗೇರಿಯವರೆಗೆ ಬಂದಿತು. ಸಂಜೆಯ ವಾಹನದಟ್ಟಣೆಗೆ ಹೆದರದೆ ಮೆಜೆಸ್ಟಿಕ್ ತಲುಪಬಹುದು. ಅಲ್ಲಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಹೊತ್ತಿಗೆ ಮಂಗಳೂರು. ರೈಲಿನಲ್ಲಾದರೆ ಕಾರವಾರದವರೆಗೂ ಹೋಗಬಹುದು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ. ರಾತ್ರಿ ರೈಲಿನವರಿಗೆ ಅವು ಕಾಣುವುದಿಲ್ಲ, ಸದ್ದಿನ ಏರಿಳಿತದಲ್ಲಷ್ಟೇ ತಿಳಿಯುತ್ತವೆ. ಆದರೆ ಸೀಟು? 2024ರ ನವೆಂಬರ್ 1ರವರೆಗೆ ರೈಲಿನ ಆಸನವನ್ನು 120 ದಿನ ಮುಂಚೆಯೇ ಕಾದಿರಿಸಬಹುದಾಗಿತ್ತು. ಅಂದಿನಿಂದ ಅದು 60 ದಿನಕ್ಕೆ ಇಳಿದಿದೆ. ಎರಡು ತಿಂಗಳ ಮುಂಚೆ ಮನಸ್ಸು ಮಾಡದವರಿಗೆ ಉಳಿದದ್ದು ತತ್ಕಾಲ್. ಅದು ತೆರೆಯುವುದು ಹೊರಡುವ ಮುನ್ನಾದಿನ, ಹವಾನಿಯಂತ್ರಿತ ಬೋಗಿಗಳಿಗೆ ಬೆಳಿಗ್ಗೆ 10 ಗಂಟೆಗೆ, ಉಳಿದವಕ್ಕೆ 11 ಗಂಟೆಗೆ. ಶುಕ್ರವಾರ ರಾತ್ರಿ 'ದಿಢೀರನೆ' ಹೊರಡಬೇಕಾದವರು ಗುರುವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಫೋನ್ ಹಿಡಿದು ಕೂರಬೇಕು. ದಿಢೀರ್ ಎಂಬುದಕ್ಕೂ ವೇಳಾಪಟ್ಟಿ ಬಂದುಬಿಟ್ಟಿದೆ!

ಹಾಗಾದರೆ ಇದೆಲ್ಲ ಬರೀ ನಟನೆಯೇ? ಅಷ್ಟು ಕಠಿಣವಾಗಿ ಹೇಳಲು ನನಗೆ ಮನಸ್ಸಿಲ್ಲ. ಕರ್ನಾಟಕ ಸಂಗೀತದಲ್ಲಿ ಮನೋಧರ್ಮ ಎಂಬ ಮಾತಿದೆ. ಗಾಯಕ ಆ ಕ್ಷಣದಲ್ಲಿ ಹೊಳೆದಂತೆ ರಾಗವನ್ನು ವಿಸ್ತರಿಸುತ್ತಾನೆ. ಆದರೆ ಆ ಕ್ಷಣದ ಹೊಳಹಿಗೆ ಹಿಂದೆ ಇಪ್ಪತ್ತು ವರ್ಷಗಳ ಸಾಧನೆ ಇರುತ್ತದೆ. ಸಾಧನೆ ಮಾಡಿದ್ದರಿಂದ ಆ ಹೊಳಹು ಸುಳ್ಳಾಗುವುದಿಲ್ಲ. ಸಾಧನೆ ಇಲ್ಲದಿದ್ದರೆ ಅದು ಹೊಳೆಯುವುದೇ ಇಲ್ಲ. ಶುಭಸಂದೇಶದ ಹತ್ತು ಮಂದಿ ಕನ್ಯೆಯರ ಸಾಮತಿಯೂ ಇದನ್ನೇ ಬೇರೊಂದು ಬಗೆಯಲ್ಲಿ ತೋರಿಸುತ್ತದೆ. ಮದುಮಗ ಬರುವ ಗಳಿಗೆ ಹತ್ತು ಮಂದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ವಿವೇಕಿಗಳಾದ ಐವರೂ ಆ ಗಳಿಗೆಯನ್ನು ನಿಗದಿ ಮಾಡಿಕೊಂಡಿರಲಿಲ್ಲ. ಅವರೂ ತೂಕಡಿಸಿ ನಿದ್ದೆಹೋಗಿದ್ದವರೇ. ಅವರು ಮಾಡಿದ್ದು ಇಷ್ಟೇ: ಎಣ್ಣೆ ತಂದಿಟ್ಟುಕೊಂಡಿದ್ದರು. ಆದ್ದರಿಂದಲೇ ಕರೆ ಬಂದೊಡನೆ ಅವರು ಎದ್ದು ನಡೆದರು. ಇಲ್ಲಿ ಯೋಜನೆ ಮತ್ತು ಸಿದ್ಧತೆ ಎಂಬ ಎರಡರ ನಡುವೆ ಗೆರೆ ಎಳೆಯಬೇಕಾಗುತ್ತದೆ. ಯೋಜನೆಯು ನಾಳೆಯ ಗಳಿಗೆಗಳನ್ನು ಈಗಲೇ ತುಂಬಿಸಿಬಿಡುತ್ತದೆ. ಸಿದ್ಧತೆಯಾದರೋ ನಾಳೆಯ ಗಳಿಗೆಗೆ ಬಾಗಿಲು ತೆರೆದಿಟ್ಟು ಕಾಯುತ್ತದೆ.

ಪವಿತ್ರ ಗ್ರಂಥದಲ್ಲಿಯೇ ಈ ಎರಡು ದನಿಗಳೂ ಇವೆ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಸಂತ ಲೂಕನ ಶುಭಸಂದೇಶದಲ್ಲಿ ಪ್ರಭು ಕೇಳುತ್ತಾರೆ. ಇತ್ತ, ಇಂದೋ ನಾಳೆಯೋ ಇಂಥ ಊರಿಗೆ ಹೋಗುತ್ತೇವೆ, ಅಲ್ಲಿ ವರ್ಷವಿದ್ದು ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎಂದು ಕೊಚ್ಚಿಕೊಳ್ಳುವವರನ್ನು ಸಂತ ಯಕೋಬನ ಪತ್ರ ತರಾಟೆಗೆ ತೆಗೆದುಕೊಳ್ಳುತ್ತದೆ. ನಾಳೆ ಏನಾಗುವುದೋ ನಿಮಗೆ ತಿಳಿಯದು, ನಿಮ್ಮ ಜೀವನ ಕ್ಷಣಕಾಲ ಕಂಡು ಕರಗುವ ಮಂಜು ಎಂಬುದು ಅದರ ತಾತ್ಪರ್ಯ. ಒಂದು ಲೆಕ್ಕ ಹಾಕು ಎನ್ನುತ್ತದೆ, ಇನ್ನೊಂದು ಲೆಕ್ಕವನ್ನು ನಂಬಬೇಡ ಎನ್ನುತ್ತದೆ. ವಿರೋಧವೇನೂ ಇಲ್ಲ. ಲೆಕ್ಕ ಹಾಕಬೇಕಾದದ್ದು ನಮ್ಮ ಕೈಯಲ್ಲಿ ಏನಿದೆ ಎಂಬುದರ ಬಗ್ಗೆ. ನಾಳೆ ನಮ್ಮ ಕೈಯಲ್ಲಿಲ್ಲ.

ಈಗ ಮನೆಯೊಳಕ್ಕೆ ಬರೋಣ. ದಿಢೀರ್ ಪ್ರವಾಸಗಳಲ್ಲಿ ಒಂದು ಬಗೆಯಿದೆ: ಯಜಮಾನರು ಗುಟ್ಟಾಗಿ ಎಲ್ಲವನ್ನೂ ಗೊತ್ತುಮಾಡಿ ಶುಕ್ರವಾರ ಸಂಜೆ ಕಚೇರಿಯಿಂದ ಬಂದು ಘೋಷಿಸುವುದು. 'ಎಲ್ಲರೂ ಹೊರಡಿ, ಒಂಬತ್ತೂವರೆಗೆ ಬಸ್ಸು!' ಮಕ್ಕಳು ಕುಣಿಯುತ್ತಾರೆ. ಯಜಮಾನರ ಪಾಲಿಗೆ ಇದು ಹತ್ತು ದಿನಗಳ ಯೋಜನೆ. ಮಕ್ಕಳ ಪಾಲಿಗೆ ಅನಿರೀಕ್ಷಿತ ಸಂತೋಷ. ಅವರ ತಾಯಿಯ ಪಾಲಿಗೆ ಬಿರುಗಾಳಿ. ನಾಳೆಗೆಂದು ನೆನೆಹಾಕಿದ ಉದ್ದು, ಅಕ್ಕಿ, ಫ್ರಿಜ್ಜಿನಲ್ಲಿರುವ ಎರಡು ಲೀಟರ್ ಹಾಲು, ಅತ್ತೆಯವರ ರಕ್ತದೊತ್ತಡದ ಮಾತ್ರೆ ಭಾನುವಾರದವರೆಗೆ ಇದೆಯೋ ಇಲ್ಲವೋ, ಒಣಗದ ಬಟ್ಟೆಗಳಲ್ಲಿ ಯಾವುದನ್ನು ಇಸ್ತ್ರಿಯಿಂದ ಒಣಗಿಸಿ ಚೀಲಕ್ಕೆ ತುಂಬುವುದು, ಸೋಮವಾರದ ಕಿರುಪರೀಕ್ಷೆ, ನಲ್ಲಿ ನೀರು ಬರುವ ದಿನ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೇಗೆ. ಇವೆಲ್ಲವೂ ಎರಡು ಗಂಟೆಗಳೊಳಗೆ ಒಬ್ಬಳ ತಲೆಯ ಮೇಲೆ ಬೀಳುತ್ತವೆ. ಬಸ್ಸಿನಲ್ಲಿ ಕುಳಿತ ಮೇಲೆ ಅವಳು ನಿದ್ದೆಹೋದರೆ, 'ನಿನಗೆ ಉತ್ಸಾಹವೇ ಇಲ್ಲ' ಎಂಬ ಮಾತು ಬೇರೆ.

ಇದು ಇಂದಿನ ಕಥೆಯಲ್ಲ. ಆದಿಕಾಂಡದಲ್ಲಿ ಮಮ್ರೆಯ ಮರಗಳ ಬಳಿ ಮೂವರು ಅಪರಿಚಿತರು ಕಾಣಿಸಿಕೊಂಡಾಗ ಅಬ್ರಹಾಮ ಓಡಿಹೋಗಿ ಬಾಗಿ ನಮಸ್ಕರಿಸಿ ಊಟಕ್ಕೆ ಕರೆಯುತ್ತಾನೆ. ಆತನ ಅತಿಥಿಸತ್ಕಾರವನ್ನು ನಾವು ಶತಮಾನಗಳಿಂದ ಕೊಂಡಾಡುತ್ತ ಬಂದಿದ್ದೇವೆ, ನ್ಯಾಯವೇ. ಆದರೆ ಆ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಕರೆದವನು ಅಬ್ರಹಾಮ; ಬಿಸಿಲ ಹೊತ್ತಿನಲ್ಲಿ ಮೂರು ಅಳತೆ ನಯವಾದ ಹಿಟ್ಟನ್ನು ಬೇಗ ನಾದಿ ರೊಟ್ಟಿ ಸುಡಬೇಕಾದವಳು ಗುಡಾರದೊಳಗಿದ್ದ ಸಾರಾ; ಎಳೆಗರುವನ್ನು ಅವಸರವಾಗಿ ಸಿದ್ಧಪಡಿಸಬೇಕಾದವನು ಆಳು. ಮೂರು ಅಳತೆ ಎಂದರೆ ಮೂವರ ಊಟಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚು. ಅಬ್ರಹಾಮನ ಉದಾರತೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅವನೂ ಆ ದಿನ ಓಡಾಡಿದ, ಮರದಡಿ ನಿಂತು ತಾನೇ ಬಡಿಸಿದ. ಆದರೂ ಆ ದಿನದ ಉದಾರತೆಯಲ್ಲಿ ಸಾರಾಳ ತೋಳಿನ ಪಾಲೆಷ್ಟು ಎಂದು ಕೇಳದೆ ಹೋಗುವುದು ಸರಿಯಲ್ಲ. ಒಬ್ಬರ ಸಹಜಸ್ಫೂರ್ತಿ ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿದೆಯೆಂದಾದರೆ, ಅದನ್ನು ಸ್ವಾತಂತ್ರ್ಯ ಎಂದು ಕರೆಯುವ ಮೊದಲು ಆ ಇನ್ನೊಬ್ಬರನ್ನು ಕೇಳಬೇಕು.

ಮನೆಯಾಚೆಗೂ ಇದೇ ಮಾತು. 'ನಾಳೆ ಬರುವುದಿಲ್ಲ' ಎಂದು ಹೇಳುವ ಹಕ್ಕು ಎಲ್ಲರಿಗೂ ಒಂದೇ ಸಮನಾಗಿ ಹಂಚಿಹೋಗಿಲ್ಲ. ನಮ್ಮ ಪಶ್ಚಿಮ ಬೆಂಗಳೂರು ಕಾರ್ಖಾನೆಗಳ ಸೈರನ್ ಕೇಳಿ ಬೆಳೆದ ಪ್ರದೇಶ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವರ್ಷಕ್ಕೆ 240 ದಿನ ದುಡಿದವರಿಗೆ ಮುಂದಿನ ವರ್ಷ ಪ್ರತಿ 20 ದಿನದ ದುಡಿಮೆಗೆ ಒಂದು ದಿನದ ಸಂಬಳಸಹಿತ ರಜೆ ಸಿಗುತ್ತಿತ್ತು. ಆದರೆ ಅದಕ್ಕೆ ಕನಿಷ್ಠ 15 ದಿನ ಮುಂಚಿತವಾಗಿ ಬರಹದಲ್ಲಿ ಅರ್ಜಿ ಕೊಡಬೇಕಾಗಿತ್ತು. ಅಲ್ಲಿ ದುಡಿದ ನಮ್ಮ ಹಿರಿಯರಿಗೆ ದಿಢೀರ್ ಬಿಡುವು ಎಂಬುದು ಸಾವಿನ ಸುದ್ದಿ ಬಂದಾಗ ಮಾತ್ರ ದೊರೆಯುತ್ತಿದ್ದ ಸಂಗತಿ. ಇನ್ನು ಮನೆಗೆಲಸಕ್ಕೆ ಬರುವವರಿಗೆ ಲಿಖಿತ ನಿಯಮವೂ ಇಲ್ಲ. ನಾವು ಶುಕ್ರವಾರ ಸಂಜೆ ಫೋನ್ ಮಾಡಿ, 'ಎರಡು ದಿನ ಬರಬೇಡಮ್ಮ, ಊರಿಗೆ ಹೋಗುತ್ತಿದ್ದೇವೆ' ಎಂದರೆ ಅದು ಆಕೆಗೂ ಬಿಡುವೇ, ಸಂಬಳ ಹಿಡಿಯದಿದ್ದರೆ. ಎರಡು ದಿನದ ಕೂಲಿ ಕಳೆದು ಕೊಟ್ಟರೆ ನಮ್ಮ ಕಡಲತೀರದ ಖರ್ಚಿನಲ್ಲಿ ಒಂದು ಪಾಲನ್ನು ಆಕೆ ಹೊತ್ತಂತಾಯಿತು. ಸಬ್ಬತ್ ದಿನದ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿ ಬರುವಾಗ ದಾಸದಾಸಿಯರೂ ಎತ್ತು ಕತ್ತೆಗಳೂ ಮನೆಯಲ್ಲಿರುವ ಪರದೇಶಿಯೂ ಆ ವಿಶ್ರಾಂತಿಯೊಳಗೆ ಸೇರುತ್ತಾರೆ. ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ ಎಂಬ ನೆನಪೂ ಅದರ ಬೆನ್ನಿಗೇ ಬರುತ್ತದೆ. ಒಬ್ಬನೇ ಆಚರಿಸುವ ಸಬ್ಬತ್ ಎಂಬುದನ್ನು ಆ ಕಟ್ಟಳೆ ಊಹಿಸಿಯೇ ಇಲ್ಲ.

ಇನ್ನು 'ಕಾಲವಲ್ಲದ ಕಾಲ' ಎಂಬ ಮಾತು. ಆಫ್ ಸೀಸನ್ ಎಂದು ಎಲ್ಲರೂ ಸಲೀಸಾಗಿ ಹೇಳುತ್ತೇವೆ. ಯಾರಿಗೆ ಆಫ್? ಯೂರೋಪಿನ ಉತ್ತರಕ್ಕಿರುವ ಬಾಲ್ಟಿಕ್ ಕಡಲ ದಡದಲ್ಲಿ ಬೇಸಿಗೆಯ ಎರಡು ಮೂರು ತಿಂಗಳು ಬಿಟ್ಟರೆ ಚಳಿಗಾಳಿ. ಆದರೂ ಜರ್ಮನಿ, ಪೋಲೆಂಡ್ ದೇಶಗಳ ಜನ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಶರತ್ಕಾಲದಲ್ಲಿಯೂ ಅಲ್ಲಿಗೆ ಎರಡು ದಿನದ ಮಟ್ಟಿಗೆ ಹೋಗಿ ಸುಮ್ಮನೆ ದಡದಲ್ಲಿ ನಡೆದು ಬರುತ್ತಾರೆ. ಬಿರುಗಾಳಿ ಎದ್ದ ಮರುದಿನ ಅಲ್ಲಿನ ಮರಳಿನಲ್ಲಿ ಅಂಬರ್ ಎಂಬ, ಪ್ರಾಚೀನ ಮರಗಳ ಅಂಟು ಕಲ್ಲಾಗಿ ಹೊನ್ನಿನ ಬಣ್ಣ ತಾಳಿದ ತುಣುಕುಗಳು ಸಿಗುವುದುಂಟು. 1882ರಲ್ಲಿ ರೋಸ್ಟಾಕ್ ಪಟ್ಟಣದ ವಿಲ್ಹೆಲ್ಮ್ ಬಾರ್ಟೆಲ್ಮನ್ ಎಂಬ ಬುಟ್ಟಿ ಹೆಣೆಯುವವನು, ಸಂಧಿವಾತದ ಒಬ್ಬ ಮಹಿಳೆ ಗಾಳಿಯ ಹೊಡೆತವಿಲ್ಲದೆ ಕಡಲ ಬಳಿ ಕೂರಲೆಂದು ಬೆತ್ತದ ಮುಚ್ಚುಕುರ್ಚಿಯೊಂದನ್ನು ಹೆಣೆದುಕೊಟ್ಟ; ಇಂದು ಆ ದಡದುದ್ದಕ್ಕೂ ಅಂಥ ಕುರ್ಚಿಗಳೇ. ಕಡಲು ಒಲ್ಲೆನೆಂದಾಗಲೂ ಅದರ ಬಳಿ ಕೂರುವ ಆಸೆ ಮನುಷ್ಯನಿಗೆ ಎಲ್ಲ ಕಡೆಯೂ ಇದೆ ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಕರಾವಳಿಯ ಮಳೆಗಾಲ ಮಾತ್ರ ಬೇರೆಯೇ ಸಂಗತಿ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಒಂದು ಸಾವಿರ ಮಿಲಿಮೀಟರ್ ಆಸುಪಾಸು. ಘಟ್ಟದ ಅಂಚಿನ ಆಗುಂಬೆಯಲ್ಲಿ ಅದು ಏಳು ಸಾವಿರ ಮೀರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ದಡದಲ್ಲಿ ಬಲೆ ನೇಯುವ, ಹರಿದದ್ದನ್ನು ಹೊಲಿಯುವ ಕೆಲಸ. ಮೀನು ಮೊಟ್ಟೆಯಿಟ್ಟು ಮರಿಮಾಡುವ ಕಾಲ ಅದು. ಲೇವಿಯಕಾಂಡವು ಏಳನೆಯ ವರ್ಷ ಭೂಮಿಗೂ ಸಬ್ಬತ್ ಕೊಡು ಎನ್ನುತ್ತದೆ; ಸರ್ಕಾರದ ಆದೇಶವೊಂದು ಪ್ರತಿ ವರ್ಷ ಕಡಲಿಗೆ ಸಬ್ಬತ್ ಕೊಡುತ್ತಿದೆ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಆ ಎರಡು ತಿಂಗಳಲ್ಲಿ ಬೆಂಗಳೂರಿನಿಂದ ಹೋದ ನಾವು ಹೋಟೆಲಿನಲ್ಲಿ ಕುಳಿತು, 'ಇಲ್ಲಿಯದೇ ತಾಜಾ ಅಂಜಲ್ ಇದೆಯೇ?' ಎಂದು ಕೇಳುತ್ತೇವೆ! ನಾಡದೋಣಿಯವರು ತಂದ ಚಿಲ್ಲರೆ ಮೀನು ಬಿಟ್ಟರೆ ದೊಡ್ಡ ಮೀನೆಲ್ಲ ಮಂಜುಗಡ್ಡೆಯಲ್ಲಿ ದೂರದಿಂದ ಬಂದದ್ದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ ಜೂನ್ ನಡುವಿನಿಂದ ಆ ಕಡೆಯ ಮೀನು ಬರತೊಡಗುತ್ತದೆ. ಕಡಲು ಎದುರಿಗೇ ಇದ್ದರೂ ತಟ್ಟೆಯ ಮೀನು ಎರಡು ರಾಜ್ಯ ದಾಟಿ ಬಂದಿರಬಹುದು.

ಮೀನಿಲ್ಲದ ಆ ತಿಂಗಳುಗಳಿಗೆ ಕರಾವಳಿಯ ಮನೆಗಳಲ್ಲಿ ಬೇರೆಯೇ ಊಟವಿದೆ: ಒಣಮೀನಿನ ಚಟ್ನಿ, ಕುಚಲಕ್ಕಿ ಗಂಜಿ, ಹಲಸಿನ ಹಪ್ಪಳ, ಕೆಸುವಿನ ಎಲೆಯ ಪತ್ರೊಡೆ, ಕಣಿಲೆ. ತುಳುವರ ಆಟಿ ತಿಂಗಳು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹಿಂದೆ ಅದು ಕಣಜ ಬರಿದಾಗುವ, ರೋಗರುಜಿನಗಳ ತಿಂಗಳು. ಆಟಿ ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿಯುವ ರೂಢಿ ಇಂದಿಗೂ ಇದೆ. ಯಕ್ಷಗಾನದ ಮೇಳಗಳು ಮೇ ತಿಂಗಳ ಕೊನೆಗೆ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಮಳೆ ಮುಗಿದ ಮೇಲೆಯೇ. ನಡುವೆ ಕೆಲವು ಕಲಾವಿದರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ಇದೇ ಆಟಿಯಲ್ಲಿ ಹೊಸದಾಗಿ ಮದುವೆಯಾದ ಮಗಳು ತವರಿಗೆ ಬಂದು ಕೂರುವ ಸಂಪ್ರದಾಯವಿದೆ. ಈ ಕೊನೆಯ ಮಾತು ನನಗೆ ಬಹಳ ಇಷ್ಟ. ಗದ್ದೆಯ ನಾಟಿಯ ಹೊರೆ ಇಳಿದ ಹೊತ್ತಿನಲ್ಲಿ, ಗಂಡನ ಮನೆಯಲ್ಲಿ ದಣಿದ ಹುಡುಗಿಗೆ ಪಂಚಾಂಗವೇ ಒಂದು ತಿಂಗಳ ಬಿಡುವು ಬರೆದಿಟ್ಟಿತ್ತು. ಅವಳು ಯಾರಿಂದಲೂ ಅಪ್ಪಣೆ ಬೇಡಬೇಕಾಗಿರಲಿಲ್ಲ, ಕೊಠಡಿ ಕಾದಿರಿಸಬೇಕಾಗಿರಲಿಲ್ಲ. ನಾವು ಬಿಡುವನ್ನು ಕೊಂಡುಕೊಳ್ಳುವವರಾದ ಮೇಲೆ ಬಿಡುವು ತಾನಾಗಿ ಬರುವುದನ್ನು ಮರೆತಿದ್ದೇವೆ. ತಾನಾಗಿ ಬರುವುದು ಎಂದರೆ ಯಾವ ಕ್ಷಣದಲ್ಲೋ ಮನಸ್ಸಿಗೆ ಹೊಳೆಯುವುದು ಎಂದೇ ಆಗಬೇಕಾಗಿಲ್ಲ. ವರ್ಷವರ್ಷವೂ ಹೇಳಿದ ಹೊತ್ತಿಗೆ ಬರುವ ಹಬ್ಬವೂ ತಾನಾಗಿಯೇ ಬರುತ್ತದೆ.

ಕೊಠಡಿಯ ಬಾಡಿಗೆ ಅರ್ಧಕ್ಕಿಳಿದಿದೆ ಎಂದು ಹಿಗ್ಗುವಾಗ ಇದೂ ನೆನಪಿರಲಿ: ಬಾಡಿಗೆ ಅರ್ಧವಾದಲ್ಲಿ ಹಲವು ಕೆಲಸಗಾರರನ್ನು ಊರಿಗೆ ಕಳಿಸಿರುತ್ತಾರೆ, ಉಳಿದವರು ಇಬ್ಬರ ಕೆಲಸ ಮಾಡುತ್ತಿರುತ್ತಾರೆ. ಬಿಸಿನೀರು ಹತ್ತು ನಿಮಿಷ ತಡವಾಯಿತೆಂದು ಅವರ ಮೇಲೆ ರೇಗುವುದು, ದಡದ ಎಳನೀರಿನವನೊಡನೆ ಐದು ರೂಪಾಯಿಗೆ ಚೌಕಾಶಿ ಮಾಡುವುದು ನಮಗೆ ಶೋಭೆಯಲ್ಲ. ಇಷ್ಟು ಸಾಕು, ಇದನ್ನು ಬೆಳೆಸಿದರೆ ಪ್ರಸಂಗವಾಗುತ್ತದೆ.

ಗಂಭೀರವಾದುದು ಇನ್ನೊಂದಿದೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದಿತು. ಮಣ್ಣು ಗಂಗಾವಳಿ ನದಿಯವರೆಗೆ ಜಾರಿತು. ದಾರಿಬದಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡು ಪ್ರಯಾಣಿಕರಿಗೆ ಬಿಸಿ ಚಹಾ ಕೊಡುತ್ತಿದ್ದ ಕುಟುಂಬ ಅದರಡಿ ಸಿಕ್ಕಿತು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರದ ಘಟ್ಟದಲ್ಲಿ ಹಳಿಯ ಕೆಳಗಿನ ಮಣ್ಣು ಸರಿದು ಹಲವು ದಿನ ರೈಲುಗಳು ನಿಂತವು. ಆ ವರ್ಷದ ಡಿಸೆಂಬರ್‌ನಲ್ಲಿ, ಮಳೆ ಮುಗಿದು ಕಡಲು ತಿಳಿಯಾದ ಮೇಲೆಯೂ, ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರನ್ನು ಅಲೆಗಳು ಸೆಳೆದುಕೊಂಡವು. ಮಲ್ಪೆಯಲ್ಲಿ ಮಳೆಗಾಲದಲ್ಲಿ ನೀರಿಗಿಳಿಯದಂತೆ ದಡಕ್ಕೆ ಬಲೆ ಕಟ್ಟುತ್ತಾರೆ, ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಅದೇ ಬಲೆಯ ಪಕ್ಕದಲ್ಲಿ, 'ಅಷ್ಟು ದೂರದಿಂದ ಬಂದಿದ್ದೇವೆ, ಕಾಲು ಒದ್ದೆ ಮಾಡಿಕೊಳ್ಳದೆ ಹೋಗುವುದೇ?' ಎಂದು ಜೀವರಕ್ಷಕನೊಡನೆ ವಾದಿಸುವವರು ಇರುತ್ತಾರೆ. ಅವರಿಗೆ ಕಾಲು ಒದ್ದೆ ಮಾಡಿಕೊಳ್ಳುವುದು ಆ ಕ್ಷಣದ ಉತ್ಸಾಹ. ಅಲೆ ಎಳೆದುಕೊಂಡರೆ ಹಗ್ಗ ಹಿಡಿದು ಹಾರಬೇಕಾದವನು ಆ ಯುವಕ. ಅವನಿಗೂ ಮನೆಯಲ್ಲಿ ಕಾಯುವ ತಾಯಿ ಇರುತ್ತಾಳೆ.

'ಅಷ್ಟು ದೂರದಿಂದ ಬಂದಿದ್ದೇವೆ' ಎಂಬ ಈ ಮಾತಿನ ಬಗ್ಗೆ ಸ್ವಲ್ಪ ಯೋಚಿಸಬೇಕು. ಇದು ಸ್ವತಂತ್ರನ ಮಾತಲ್ಲ, ಸಾಲಗಾರನ ಮಾತು. ಹಣ ಕೊಟ್ಟಾಗಿದೆ, ಆದ್ದರಿಂದ ಅನುಭವಿಸಲೇಬೇಕು. ಇಲ್ಲಿಯೇ ನಮ್ಮ ಅಗ್ಗದ ದಿಢೀರ್ ಪ್ರವಾಸಗಳ ವಿಪರ್ಯಾಸವಿದೆ. ಅತ್ಯಂತ ಅಗ್ಗದ ಕೊಠಡಿ ಎಂದರೆ ಹಣ ವಾಪಸಾಗದ ಕೊಠಡಿ. ಖಚಿತವಾದ ತತ್ಕಾಲ್ ಚೀಟಿಯನ್ನು ನಾವೇ ರದ್ದುಮಾಡಿದರೆ ಹಣ ಹಿಂದಿರುಗುವುದಿಲ್ಲ. ಅಂದರೆ ದಿಢೀರನೆ ಹೊರಡುವ ಹಕ್ಕನ್ನು ಕೊಳ್ಳುವಾಗ ದಿಢೀರನೆ ನಿಲ್ಲುವ ಹಕ್ಕನ್ನು ಮಾರಿಬಿಟ್ಟಿರುತ್ತೇವೆ. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟಿದೆ, ಮಗುವಿಗೆ ಸಣ್ಣಗೆ ಜ್ವರ ಬಂದಿದೆ. ಆದರೂ ಹೊರಡುತ್ತೇವೆ, ಏಕೆಂದರೆ ನಾಲ್ಕು ಸಾವಿರ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಬಗೆಯ ಪ್ರವಾಸದ ಯೋಜನೆಯಲ್ಲಿ ಮೊದಲು ಬರೆದಿಡಬೇಕಾದದ್ದು ಹೋಗುವ ಊರಿನ ಹೆಸರಲ್ಲ, ಹೋಗದಿರಲು ತಗಲುವ ಖರ್ಚು. ಆ ಮೊತ್ತವನ್ನು ಕಳೆದುಕೊಂಡರೂ ಮನೆಯಲ್ಲಿ ಮುಖ ಸಿಂಡರಿಸಿಕೊಳ್ಳದೆ ಶನಿವಾರ ಕಳೆಯಬಲ್ಲೆವಾದರೆ ಹೊರಡಬಹುದು. ಇಲ್ಲವಾದರೆ ಬಾಡಿಗೆ ಎಷ್ಟೇ ಇಳಿದಿರಲಿ, ನಮಗೆ ಅದು ದುಬಾರಿಯೇ.

ಇಷ್ಟೆಲ್ಲ ಹೇಳಿದ್ದರಿಂದ ಪ್ರವಾಸವೇ ಬೇಡವೆಂದು ಯಾರೂ ತಿಳಿಯಬಾರದು. ಬೇಕು, ಖಂಡಿತ ಬೇಕು. ಆಟ, ವಿನೋದಗಳಿಗೆ ಸಂಬಂಧಿಸಿದ ಸದ್ಗುಣವೊಂದಿದೆ ಎಂದು 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ವಾದಿಸುತ್ತಾರೆ; ಅದನ್ನು ಹೇಳುವಾಗ ಹಳೆಯ ಕಥೆಯೊಂದನ್ನು ನೆನೆಯುತ್ತಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟುಕೊಂಡರಂತೆ. ಯೊವಾನ್ನರು ಅವರಲ್ಲಿ ಬಿಲ್ಲು ಹಿಡಿದಿದ್ದವನನ್ನು ಕರೆದು ಬಾಣ ಬಿಡಲು ಹೇಳಿದರು. ಹಲವು ಬಾಣ ಬಿಟ್ಟ ಮೇಲೆ, ಹೀಗೆ ನಿಲ್ಲಿಸದೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಬಿಟ್ಟರೆ ಬಿಲ್ಲು ಮುರಿಯುತ್ತದೆ ಎಂದ ಅವನು. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ಅಕ್ವಿನಾಸರು ವಿನೋದಕ್ಕೆ ಕೆಲವು ಮಿತಿಗಳನ್ನೂ ಹಾಕುತ್ತಾರೆ; ಅವುಗಳಲ್ಲಿ ಒಂದು, ಅದು ವ್ಯಕ್ತಿಗೂ ಕಾಲಕ್ಕೂ ಸ್ಥಳಕ್ಕೂ ಹೊಂದಬೇಕು ಎಂಬುದು. ಕಾಲ ಎಂದಾಗ ಅವರು ಮಂಗಳೂರಿನ ಜುಲೈ ತಿಂಗಳನ್ನು ನೆನೆದಿರಲಾರರು. ಆದರೆ ಮಾತು ನಮಗೂ ಸಲ್ಲುತ್ತದೆ: ಮಳೆಗಾಲದಲ್ಲಿ ಕಡಲಿಗೆ ಹೋಗುವವನು ಮಳೆಗಾಲದ ಕಡಲಿಗೇ ಹೋಗಬೇಕು, ಡಿಸೆಂಬರ್ ಕಡಲನ್ನು ಅರ್ಧ ಬೆಲೆಗೆ ಕೇಳಬಾರದು. ಅಲ್ಲಿ ನೀರಾಟವಿಲ್ಲ, ದ್ವೀಪವಿಲ್ಲ, ಸೂರ್ಯಾಸ್ತವೂ ಬಹುಶಃ ಇಲ್ಲ. ಜಗಲಿಯೊಂದು ಸಿಕ್ಕರೆ ಅಲ್ಲಿ ಕುಳಿತು ಬೂದುಬಣ್ಣದ ನೀರು ಮೇಲೇಳುವುದನ್ನು, ಬೀಳುವುದನ್ನು ನೋಡಬಹುದು. ಮೂರನೆಯ ಗಂಟೆಗೆ ಮಕ್ಕಳಿಗೆ ಬೇಸರ ಬರುತ್ತದೆ, ಕರೆಂಟು ಹೋಗುತ್ತದೆ, ಫೋನಿನ ಸಿಗ್ನಲ್ಲೂ ಹೋಗುತ್ತದೆ. ಆಮೇಲೆ ಅಪ್ಪನ ಬಾಯಿಂದ ಹಳೆಯದೊಂದು ಕಥೆ ಹೊರಡಬಹುದು, ಹೊರಡದೆಯೂ ಇರಬಹುದು. ಅದಕ್ಕೆ ಟಿಕೆಟ್ಟಿಲ್ಲ.

ಶುಭಸಂದೇಶದಲ್ಲಿಯೂ ಒಂದು ಕಿರುಪ್ರವಾಸವಿದೆ. ಊಟಕ್ಕೂ ಬಿಡುವಿಲ್ಲದಷ್ಟು ಜನ ಬಂದುಹೋಗುತ್ತಿದ್ದಾಗ, ಸ್ವಲ್ಪ ಹೊತ್ತು ಏಕಾಂತ ಸ್ಥಳಕ್ಕೆ ಹೋಗಿ ದಣಿವಾರಿಸಿಕೊಳ್ಳೋಣವೆಂದು ಪ್ರಭು ಪ್ರೇಷಿತರನ್ನು ಕರೆದದ್ದನ್ನು ಸಂತ ಮಾರ್ಕನು ಬರೆದಿದ್ದಾನೆ. ಅವರು ದೋಣಿ ಹತ್ತಿ ಹೊರಟರು. ಆದರೆ ಜನ ಕಾಲುದಾರಿಯಲ್ಲಿ ಓಡಿ ಅವರಿಗಿಂತ ಮುಂಚೆಯೇ ಆ ದಡದಲ್ಲಿದ್ದರು. ವಿಶ್ರಾಂತಿ ದಕ್ಕಿದ್ದು ದೋಣಿಯಲ್ಲಿ ಕುಳಿತಷ್ಟು ಹೊತ್ತು ಮಾತ್ರ. ಇಳಿದು ನೋಡಿದ ಪ್ರಭುವಿನ ಹೃದಯ ಕುರುಬನಿಲ್ಲದ ಕುರಿಗಳಂತಿದ್ದ ಆ ಜನರನ್ನು ಕಂಡು ಕರಗಿತು. ಆ ಸಂಜೆ ಐದು ರೊಟ್ಟಿ, ಎರಡು ಮೀನುಗಳ ಘಟನೆ ನಡೆಯಿತು. ಈ ಭಾಗವನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು, ಇಲ್ಲಿ ಯೋಜಿತವಾದದ್ದು ವಿಶ್ರಾಂತಿ, ದಿಢೀರನೆ ನಡೆದದ್ದು ಕರುಣೆ. ನಾವು ಉಲ್ಟಾ ಮಾಡುತ್ತೇವೆ: ಕರುಣೆಗೆ ದಿನಾಂಕ ಗೊತ್ತುಮಾಡಿ, ವಿಶ್ರಾಂತಿಗೆ ದಿಢೀರನೆ ಓಡುತ್ತೇವೆ.

ಹೀಗೆಂದೊಡನೆ ಓದುಗರಲ್ಲಿ ಕೆಲವರು ಇನ್ನೊಂದು ಪ್ರಶ್ನೆ ಕೇಳದಿರಲಾರರು. ಯೋಜಿಸಿಯೂ ಹೋಗಲಾಗದವರು, ದಿಢೀರನೆಯೂ ಹೋಗಲಾಗದವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಹಾಸಿಗೆ ಹಿಡಿದ ತಂದೆಯನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿರುವ ಮಗಳು, ಮರೆವಿನ ರೋಗದ ತಾಯಿಯನ್ನು ಒಂದು ಗಂಟೆಯೂ ಒಬ್ಬಳನ್ನೇ ಬಿಡಲಾಗದ ಸೊಸೆ, ವಿಶೇಷ ಆರೈಕೆ ಬೇಕಾದ ಮಗುವಿನ ಹೆತ್ತವರು. ಅವರಿಗೆ ಕಡಲು ಆಫ್ ಸೀಸನ್ನಿನಲ್ಲಿಯೂ ಇಲ್ಲ, ಸೀಸನ್ನಿನಲ್ಲಿಯೂ ಇಲ್ಲ. ವಲಯದ ಪ್ರಾರ್ಥನಾಕೂಟಗಳಲ್ಲಿ ಅವರಿಗಾಗಿ ಪ್ರಾರ್ಥಿಸುತ್ತೇವೆ. ಆಸ್ಪತ್ರೆಯಲ್ಲಿದ್ದರೆ ಸರದಿಯ ಮೇಲೆ ಕೂರುವವರೂ ನಮ್ಮಲ್ಲಿದ್ದಾರೆ. ಆದರೆ ಯಾರೂ ಆಸ್ಪತ್ರೆ ಸೇರದೆ ಇರುವಾಗ, ಬರೀ ಬಿಡುವಿಗಾಗಿ, ಅವರ ಮನೆಯಲ್ಲಿ ಎರಡು ರಾತ್ರಿ ಕೂರಲು ಹೋದವರನ್ನು ನಾನು ಕಂಡದ್ದು ಕಡಿಮೆ. ಕೇಳಲು ಅವರಿಗೆ ಸಂಕೋಚ. ಇನ್ನೊಬ್ಬರ ಅಡುಗೆಮನೆಗೆ ಕಾಲಿಡಲು ನಮಗೂ ಸಂಕೋಚ.

ವಿಜಯನಗರದ ಪರಿಚಿತ ಕುಟುಂಬವೊಂದರಲ್ಲಿ ಕಳೆದ ಮಳೆಗಾಲ ಇದು ನಡೆಯಿತು. ಮೂರನೆಯ ಮನೆಯ ನಿವೃತ್ತ ದಾದಿಯೊಬ್ಬರು ಗುರುವಾರ ಬೆಳಿಗ್ಗೆ ಬಂದು, 'ಅಕ್ಕ, ಈ ಶನಿವಾರ ಭಾನುವಾರ ಅಪ್ಪನ ಹತ್ತಿರ ನಾನಿರುತ್ತೇನೆ, ನೀವೆಲ್ಲ ಎಲ್ಲಿಗಾದರೂ ಹೋಗಿಬನ್ನಿ' ಎಂದರಂತೆ. ಆ ಮನೆಯವರಿಗೆ ಮೊದಲು ನಂಬಿಕೆ ಬರಲಿಲ್ಲ, ಆಮೇಲೆ ಎಲ್ಲಿಗೆ ಹೋಗುವುದೆಂದು ಹೊಳೆಯಲಿಲ್ಲ. ಕೊನೆಗೆ ಉಳ್ಳಾಲಕ್ಕೆ ಹೋದರು. ಎರಡೂ ದಿನ ಬಿಡದೆ ಮಳೆ. ಕಡಲನ್ನು ಕೊಡೆಯ ಕೆಳಗಿನಿಂದ ನೋಡಿದರು, ಭಾನುವಾರ ಕೊಂಕಣಿಯ ಬಲಿಪೂಜೆಯಲ್ಲಿ ಹಾಡು ಬಾರದೆ ಸುಮ್ಮನೆ ನಿಂತಿದ್ದರು, ಸಂಜೆಯ ಬಸ್ಸಿಗೆ ಹೊರಟರು. ಹೋಗುವ ಮುನ್ನ ಆ ಮನೆಯಾಕೆ ಒಂದು ಹಾಳೆಯ ಎರಡೂ ಬದಿಗೆ ಬರೆದಿಟ್ಟಿದ್ದರು: ಬೆಳಗಿನ ಮಾತ್ರೆ ಎರಡು, ರಾತ್ರಿಯದು ಒಂದೂವರೆ, ಅನ್ನ ಮೆತ್ತಗಿರಲಿ, ಎಡಮಗ್ಗುಲಿಗೆ ಮಲಗಿಸಿದರೆ ನೋವು, ನಾಲ್ಕು ಗಂಟೆಗೆ ರೇಡಿಯೋ ಹಾಕಿದರೆ ಸಾಕು, ಮಾತಾಡದಿದ್ದರೂ ಪರವಾಗಿಲ್ಲ, ಬೀಗದ ಕೈ ಮೀಟರಿನ ಪೆಟ್ಟಿಗೆಯ ಮೇಲೆ. ದಾದಿಯವರು ಆ ಹಾಳೆಯನ್ನು ಮಡಿಚಿ ತಮ್ಮ ಪ್ರಾರ್ಥನಾ ಪುಸ್ತಕದಲ್ಲಿಟ್ಟುಕೊಂಡಿದ್ದಾರೆ. ಮುಂದಿನ ಸಲ ಮತ್ತೆ ಬರೆಯುವ ತಾಪತ್ರಯ ಬೇಡವೆಂದು.